ಬೂದಿಯ ಮೇಲಿನ ಹಿಮ್ಮಡಿ

ಇವತ್ತು ಮಗಳು ಮೊಬೈಲಿನಲ್ಲಿ ಕತ್ತಿವರಸೆಯ ಸ್ಪರ್ಧೆ ತೋರಿಸಿದಳು. ಆಟಗಾರರು ಮುಖಕ್ಕೆ ಜಾಳಿಗೆ ಹಾಕಿಕೊಂಡು ಜೇನು ಬಿಡಿಸಲು ಹೊರಟವರಂತೆ ಕಂಡರು. ನಗುತ್ತಿದ್ದೆ. ಅಷ್ಟರಲ್ಲಿ ಒಬ್ಬಳು ಮುಂಗಾಲು ಚಾಚಿ ನುಗ್ಗಿದಳು. ನನ್ನ ನಗು ನಿಂತಿತು.

ನಾವು ಚಿಕ್ಕವರಿದ್ದಾಗ ತಿಕೋಟಾದ ತಾಲೀಮು ಮನೆಯಲ್ಲಿ ಉಸ್ತಾದರು ನಮಗೆ ಮರದ ಕತ್ತಿ ಕೊಟ್ಟು ಇದನ್ನೇ ಕಲಿಸುತ್ತಿದ್ದರು. ನೆಲಕ್ಕೆ ಜರಡಿ ಹಿಡಿದ ಬೂದಿ ಹರಡುತ್ತಿದ್ದರು. ನುಗ್ಗಿದ ಮೇಲೆ ನಮ್ಮ ಮುಖ ನೋಡದೆ, ಬೂದಿಯಲ್ಲಿ ಮೂಡಿದ ಹೆಜ್ಜೆ ನೋಡಿ ಬೈಯುತ್ತಿದ್ದರು.

"ಹಿಂದಿನ ಹಿಮ್ಮಡ ಎದ್ದೈತಿ ನೋಡಲೇ! ಕತ್ತಿ ಹಿಡದೀಯೋ, ಎಮ್ಮಿ ಹಗ್ಗ ಹಿಡದೀಯೋ?"

ಅವರ ಮಗ ರಜಾಕನ ಹೆಜ್ಜೆ ನಮ್ಮೆಲ್ಲರಿಗಿಂತ ಉದ್ದ. ಹಿಮ್ಮಡಿ ಮಾತ್ರ ಏಳುತ್ತಲೇ ಇತ್ತು. ಒಂದು ಸಂಜೆ ಆಡಿ ಮನೆಗೆ ಹೋದವನು ಜ್ವರ ಬಂದು ತೀರಿಕೊಂಡ.

ಮತ್ತೆ ತಾಲೀಮು ತೆರೆದಾಗ ಅವನ ಕೊನೆಯ ಹೆಜ್ಜೆ, ಹಿಮ್ಮಡಿಯ ಗುರುತಿಲ್ಲದೆ, ಬೂದಿಯಲ್ಲಿ ಹಾಗೇ ಇತ್ತು. ಅವನ ತಾಯಿ ಕಸಬರಿಗೆ ತಂದು ಬಾಗಿಲಲ್ಲಿ ನಿಂತರು.

"ಬಳದಬಿಡ್ರಿ. ಇದನ್ನ ನೋಡ್ಕೋತ ಕುಂತ್ರ ನೀವೂ ಉಳಿಯಂಗಿಲ್ಲ."

"ತಡಿ, ಅವನ ಹಿಮ್ಮಡ ತಿದ್ದೋದೈತಿ," ಅಂದರು ಉಸ್ತಾದರು.

ದಿನಾಲೂ ಬಾಗಿಲು ಮುಚ್ಚಿಕೊಂಡು ಆ ಹೆಜ್ಜೆಯೊಂದಿಗೆ ಮಾತಾಡುತ್ತಿದ್ದರು. "ಊರು ಬೇಟಾ, ಹಿಮ್ಮಡ ನೆಲಕ್ಕ ಊರು." ನಾವು ಹೊರಗೆ ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಿದ್ದೆವು. ಒಂದು ದಿನ ಒಳಗಿನಿಂದ "ಶಾಬಾಸ್!" ಎಂದು ಕೂಗಿದ್ದು ಕೇಳಿಸಿತು. ಉಸ್ತಾದರು ಬಾಗಿಲು ತೆರೆದು, ನನ್ನ ಹತ್ತಿರ ಕಸಬರಿಗೆ ಕೇಳಿದರು. ಒಳಗೆ ಇಣುಕಿದೆ. ರಜಾಕನ ಹೆಜ್ಜೆಯಲ್ಲಿ ಹಿಮ್ಮಡಿ ಪೂರ್ತಿ ಮೂಡಿತ್ತು.

"ಅವರೇ ಕೈಯಿಂದ ಒತ್ತಿರಬೇಕಪ್ಪಾ," ಅಂದಳು ಇದನ್ನೆಲ್ಲ ಕೇಳಿದ ಮಗಳು.

ಹೂಂ ಅಂದೆ. ಕಸಬರಿಗೆ ತೆಗೆದುಕೊಳ್ಳಲು ಅವರು ಚಾಚಿದ ಕೈಯಲ್ಲಿ ಒಂದು ಚಿಟಿಕೆ ಬೂದಿಯೂ ಇರಲಿಲ್ಲ ಎಂಬುದನ್ನು ಅವಳಿಗೆ ಹೇಳಲಿಲ್ಲ.