ಆಂಟಿಯ ಬಳ್ಳಿ ಕಾಯಿ ಕಚ್ಚಿದ್ದು

ಎಂಬತ್ತರ ದಶಕದ ಕೊನೆಗೆ ನಾವು ಹೈರಿಡ್ಜ್ ಎಂಬ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಮನೆಯ ಒಡತಿ ಮಂಗಳೂರು ಕಡೆಯ ಕ್ರಿಶ್ಚಿಯನ್ ವಿಧವೆ, ಅದೇ ಕಾಂಪೌಂಡಿನ ಮುಂದಿನ ಮನೆಯಲ್ಲಿದ್ದರು. ನಾನು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದುದರಿಂದ ಅವರಿಗೆ ನಾನು ಟೀಚರ್. ನನಗೆ ಅವರು ಆಂಟಿ.

ಬೇಲಿಯ ಮೇಲೆ ಹಬ್ಬಿದ್ದ ಪ್ಯಾಶನ್ ಹಣ್ಣಿನ ಬಳ್ಳಿ ಅವರ ಹೆಮ್ಮೆ. ಭಾನುವಾರ ಚರ್ಚಿನಿಂದ ಬಂದವರಿಗೆಲ್ಲ ಅದರದೇ ಶರಬತ್ತು. ಒಂದು ವರ್ಷ ಮೈತುಂಬ ಹೂ ಬಿಟ್ಟ ಬಳ್ಳಿಯಲ್ಲಿ ಬೆರಳೆಣಿಕೆಯಷ್ಟು ಕಾಯಿಯೂ ನಿಲ್ಲಲಿಲ್ಲ.

"ಮುದಿಯಾಯ್ತು ಇದು. ಕಡಿಸಿಬಿಡ್ತೇನೆ," ಎಂದರು.

ಕಾರಣ ನನಗೆ ಹೊಳೆದಿತ್ತು. ವರಾಂಡದ ಜಂತಿಗಳನ್ನು ಕೊರೆದು ದೊಡ್ಡ ಕಪ್ಪು ದುಂಬಿಗಳು ಗೂಡು ಮಾಡುತ್ತಿದ್ದವು. ಆಂಟಿ ಆಗಾಗ ಪಂಪಿನವನನ್ನು ಕರೆಸಿ ತೂತುಗಳಿಗೆ ಔಷಧಿ ಹೊಡೆಸುತ್ತಿದ್ದರು. ಕೆಳಗೆ ಬಿದ್ದ ದುಂಬಿಗಳು ಅಂಗಾತ ಮಲಗಿ ಕಾಲು ನಡುಗಿಸುತ್ತಿದ್ದವು.

"ಈ ಹೂವಿಗೆ ದುಂಬಿನೇ ಬೇಕು ಆಂಟಿ. ಜೇನ್ನೊಣದ ಬೆನ್ನು ಪರಾಗಕ್ಕೆ ಎಟುಕಲ್ಲ."

"ದುಂಬಿಗೋಸ್ಕರ ಮನೆಯ ಮಾಡು ಬೀಳ್ಲಿಕ್ಕೆ ಬಿಡ್ಬೇಕಾ ಮಾರಾಯ್ತಿ?"

ಸ್ವಲ್ಪ ದಿನ ತಡೆಯಿರಿ ಎಂದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ, ಮಗಳ ಬಣ್ಣದ ಕುಂಚದಿಂದ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ, ಗುರುತಿಗೆ ತೊಟ್ಟಿಗೆ ಕೆಂಪು ಉಲ್ಲನ್ ಕಟ್ಟುತ್ತಾ ಹೋದೆ. ಅಷ್ಟರಲ್ಲಿ ಬಡಗಿ ಬಂದು ಒಂದು ಹಳೆಯ ಜಂತಿ ಇಳಿಸಿದ. ಆಂಟಿಯೆದುರೇ ಅದನ್ನು ಸೀಳಿಸಿದೆ. ಒಳಗೆ ಮರದ ಪುಡಿಯ ಗೋಡೆಗಳ ನಡುವೆ ಸಾಲು ಕೋಣೆಗಳು. ಪರಾಗದ ಉಂಡೆ ಅರ್ಧ ತಿಂದು ಕಪ್ಪಾಗಿದ್ದ ಮರಿಹುಳು, ಕೋಶದಲ್ಲೇ ಒಣಗಿದ್ದು, ಪೂರ್ತಿ ಬೆಳೆದರೂ ರೆಕ್ಕೆ ಬಿಚ್ಚದೆ ಸತ್ತದ್ದು. ಯಾವ ಹಂತದಲ್ಲೂ ಜೀವವಿರಲಿಲ್ಲ.

"ತೊಟ್ಟಿಲಲ್ಲೇ ಹೋದವು ಪಾಪ," ಎಂದರು ಆಂಟಿ.

ಕೆಂಪು ಉಲ್ಲನ್ ಕಟ್ಟಿದ ತೊಟ್ಟುಗಳಲ್ಲಿ ಕಾಯಿ ಉಬ್ಬಿತು. ಆಂಟಿ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಮುಟ್ಟಿ ನೋಡಿದರು. "ಬಳ್ಳಿಗೆ ವಯಸ್ಸಾಗ್ಲಿಲ್ಲ ಹಾಗಾದ್ರೆ," ಎಂದರು. ಔಷಧಿ ಅಂದಿಗೇ ನಿಂತಿತು. ದುಂಬಿ ಕೊರೆಯದಂತೆ ಜಂತಿಗಳಿಗೆ ದಪ್ಪ ಬಣ್ಣ ಬಳಿಸಿ, ಅವುಗಳಿಗೆಂದು ಒಣ ಮರದ ಕೊರಡುಗಳನ್ನು ಬೇಲಿಯ ಬದಿಗೆ ಕಟ್ಟಿಸಿದೆವು.

ಮುಂದಿನ ಮಳೆಯ ನಂತರ, ಹೂವಿನ ಕಾಲಕ್ಕೆ, ಬೇಲಿ ಗುಂಯ್‌ಗುಟ್ಟಿತು. ಬೆನ್ನಿಗೆಲ್ಲ ಹಳದಿ ಮೆತ್ತಿಕೊಂಡ ದುಂಬಿಗಳು ಹೂವಿಂದ ಹೂವಿಗೆ ಹಾರುವುದನ್ನು ನೋಡುತ್ತ ನಾನು ಶಾಲೆಗೆ ತಡವಾಗಿ ಹೋದೆ. ಕಾಯಿಗಳ ಭಾರಕ್ಕೆ ತಂತಿ ಜಗ್ಗಿ ಹೊಸ ಕಂಬ ನೆಡಿಸಬೇಕಾಯಿತು. ಅಕ್ಕಪಕ್ಕದವರು ಸಸಿ ಕೇಳಿಕೊಂಡು ಬಂದರು. ಆಂಟಿ ಪ್ರತಿಯೊಬ್ಬರ ಕೈಗೂ ಸಸಿಯ ಜೊತೆ ಒಂದು ಒಣ ಕೊರಡು ಇಟ್ಟು ಹೇಳುತ್ತಿದ್ದರು: "ಇದನ್ನೂ ಒಟ್ಟಿಗೆ ತಕೊಂಡು ಹೋಗಿ. ದುಂಬಿಗೆ ಮನೆ ಇಲ್ಲದಿದ್ರೆ ನಿಮಗೆ ಹಣ್ಣಿಲ್ಲ."