ಬರಿಗಾಲಿನ ಅಳತೆ

ಅವರ ಅಂಗಾಲು ಹಸಿರಾಗಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಹುಲ್ಲಿನ ರಸ ಗೆರೆಗೆರೆಯಾಗಿ ಇಂಗಿ ಕೂತಿತ್ತು. ತೊಳೆದರೆ ಹೋಗುವ ಬಣ್ಣವಲ್ಲ ಅದು. ಬೆರಳುಗಳು ಒಂದಕ್ಕೊಂದು ತಾಗದಷ್ಟು ಅಗಲವಾಗಿ ಹರಡಿಕೊಂಡಿದ್ದವು. ಗಾಲ್ಫ್ ಮೈದಾನದಲ್ಲಿ ಚೆಂಡು ಕೊನೆಗೆ ಉರುಳಿ ಕುಳಿಗೆ ಬೀಳುವ, ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳಕ್ಕೆ ಗ್ರೀನ್ ಎನ್ನುತ್ತಾರೆ. ಚಪ್ಪಲಿ ಹಾಕಿಕೊಂಡು ಅವರು ಗ್ರೀನ್ ತುಳಿದದ್ದನ್ನು ನಾನು ನೋಡಿಲ್ಲ.

ನವಿ ಮುಂಬಯಿಯ ಗುಡ್ಡದ ತಪ್ಪಲಿನ ಆ ಮೈದಾನಕ್ಕೆ ಅವರು ಹಿರಿಯ ಮಾಲಿ. ನಾನು ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಹಳೆಯ ಗ್ರೀನ್‌ಗಳನ್ನು ಅಗೆದು ಹೊಸದಾಗಿ ಕಟ್ಟುವ ಕೆಲಸಕ್ಕೆ ಸೇರಿದ್ದೆ. ಮೊದಲ ಕೆಲಸ, ಆರು ತಿಂಗಳ ಪ್ರೊಬೇಷನ್. ಠಾಕುರ್ಲಿಯಿಂದ ಹೊರಟು ಠಾಣೆಯಲ್ಲಿ ಗಾಡಿ ಬದಲಿಸಿ ನಾನು ತಲಪುವಷ್ಟರಲ್ಲಿ, ಘಣಸೋಲಿಯ ಒಂಟಿಕೋಣೆಯ ಖೋಲಿಯಿಂದ ಬಂದ ಅವರು ಮೈದಾನಕ್ಕೆ ಒಂದು ಸುತ್ತು ಹಾಕಿರುತ್ತಿದ್ದರು. ಇಬ್ಬರೂ ಉಡುಪಿ ಕಡೆಯವರೆಂದು ತಿಳಿದ ದಿನ ನಾನು ‘ಮಾಮ’ ಎಂದೆ. ಅವರು ಜನರೆದುರು ‘ಮೇಡಂ’ ಎನ್ನುತ್ತಿದ್ದರು, ಇಲ್ಲದಾಗ ‘ಮಾರಾಯ್ತಿ’.

ಡೊಂಬಿವಲಿಯ ಉಡುಪಿ ಹೋಟೆಲೊಂದರಲ್ಲಿ ಹತ್ತು ವರ್ಷ ದೋಸೆ ಹೊಯ್ದವರು ಅವರು. ಹೋಟೆಲು ಮುಚ್ಚಿದ ಮೇಲೆ ಗಿಡಗಳಿಗೆ ನೀರು ಬಿಡುವ ಕೆಲಸಕ್ಕೆ ಬಂದು ಇಲ್ಲೇ ಉಳಿದರು. ಗ್ರೀನ್ ಮೇಲೆ ಮರಳು ಹರಡುವಾಗಲೂ ಕೈ ನಡುವಿನಿಂದ ಹೊರಗೆ ಸುತ್ತುಸುತ್ತಾಗಿ ಹೋಗುತ್ತಿತ್ತು. “ಅಣ್ಣಾ, ಚಟ್ಣಿ ಕುಠೇ?” ಎಂದು ಜೊತೆಗೆ ಕೆಲಸ ಮಾಡುವ ಮರಾಠಿ ಹೆಂಗಸರು ಚಟ್ನಿ ಕೇಳಿ ನಗುತ್ತಿದ್ದರು. “ಮೊದಲು ದೋಸೆ ಏಳ್ಲಿ, ಮತ್ತೆ ಚಟ್ನಿ” ಎಂದು ಕನ್ನಡದಲ್ಲೇ ಉತ್ತರ. ಆಟದ ನಿಯಮ ಅವರಿಗೆ ಗೊತ್ತಿರಲಿಲ್ಲ. “ಚೆಂಡು ಎಲ್ಲಿಗೆ ಹೋಗ್ಬೇಕು ಅಂತ ಅವ್ರಿಗೆ ಗೊತ್ತುಂಟು. ಎಲ್ಲಿ ಬಿದ್ದು ಗಾಯ ಮಾಡ್ತು ಅಂತ ನಂಗೆ ಗೊತ್ತುಂಟು.”

ಆರನೆಯ ಗ್ರೀನ್‌ಗೆ ನಾನು ಮಟ್ಟ ನೋಡುವ ಯಂತ್ರವಿಟ್ಟು ಅಳತೆಯ ಗೂಟ ಹೊಡೆಸಿದ್ದೆ. ಮರಳು ತುಂಬಿ, ನೀರು ಹಾಯಿಸಿ, ಉರುಳೆ ಎಳೆದು ಆಗಿತ್ತು. ಮೂರನೆಯ ದಿನ ಗರಿಕೆಯ ತುಂಡುಗಳು ಲಾರಿಯಲ್ಲಿ ಬರುವುದಿತ್ತು, ಮಳೆಗೆ ಮುಂಚೆ ಅವು ಬೇರು ಬಿಡಬೇಕಿತ್ತು. ಮಾಮ ಅದರ ಮೇಲೆ ಒಮ್ಮೆ ನಡೆದು ಬಂದರು.

“ಮೇಡಂ, ಆ ಯಂತ್ರ ಇನ್ನೊಮ್ಮೆ ಇಟ್ಟು ನೋಡ್ತೀರಾ?”

“ಅಳತೆ ಸರಿಯಿದೆ” ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು.

ಕೆಲಸದವರು ಊಟಕ್ಕೆ ಹೋಗುವವರೆಗೆ ಮಾಮ ಕಾದರು. “ಬೂಟು ಬಿಚ್ಚು ಮಾರಾಯ್ತಿ. ಇಲ್ಲಿ ನಿಂತು ಕಣ್ಣು ಮುಚ್ಚು. ಹತ್ತು ಎಣಿಸು.”

ಮುಜುಗರವಾಯಿತು, ಆದರೂ ನಿಂತೆ. ಮರಳು ತಣ್ಣಗಿತ್ತು. ಆರು ಎಣಿಸುವಷ್ಟರಲ್ಲಿ ಭಾರವೆಲ್ಲ ಹಿಮ್ಮಡಿಗೆ ಇಳಿಯತೊಡಗಿತು. ನನ್ನ ನಕ್ಷೆಯ ಪ್ರಕಾರ ಅದು ಬೆರಳುಗಳಿಗೆ ಬರಬೇಕಿತ್ತು. ನೀರು ಹೋಗಬೇಕಾದ ಮೋರಿ ಮುಂದಿತ್ತು, ನೆಲ ಹಿಂದಕ್ಕೆ ವಾಲಿತ್ತು.

ಯಂತ್ರ ಇಟ್ಟು ನೋಡಿದೆ. ಹಿಂದಿನ ಅರ್ಧದ ಗೂಟಗಳೆಲ್ಲ ಎರಡು ಬೆರಳು ತಗ್ಗು. ಗೂಟ ಹೊಡೆಸಿದ ದಿನ ಊಟದ ಹೊತ್ತಿಗೆ ಯಂತ್ರವನ್ನು ನೆರಳಿಗೆ ಸರಿಸಿದ್ದೆ; ಮರಳಿ ತಂದಾಗ ಮೊದಲ ಗೂಟಕ್ಕೆ ಹೊಂದಿಸಿಕೊಳ್ಳಲು ಮರೆತಿದ್ದೆ. ಹುಲ್ಲು ನೆಟ್ಟಿದ್ದರೆ ಮಳೆನೀರು ನಿಂತು ಎಲ್ಲ ಕೊಳೆಯುತ್ತಿತ್ತು.

“ಮ್ಯಾನೇಜರಿಗೆ ನೀವು ಹೇಳ್ತೀರಾ ಮಾಮ?” ಎಂದೆ. ಕೆಲಸ ಹೋಗುವುದು ಖಚಿತವೆನಿಸಿತ್ತು.

“ನಾನು ಹೇಳಿದ್ರೆ ಚಾಡಿ ಆಗ್ತದೆ. ನೀನೇ ಹೇಳಿದ್ರೆ ರಿಪೇರಿ ಆಗ್ತದೆ.”

ಹೇಳಿದೆ. ಮ್ಯಾನೇಜರು, “ಲಾರಿ ಬರುವುದರೊಳಗೆ ಸರಿಯಾದರೆ ಇರಿ, ಇಲ್ಲವಾದರೆ ಬೇಡ” ಎಂದರು. ನಾನು ಗೂಟಗಳನ್ನು ಮತ್ತೆ ಹೊಡೆಸಿದೆ. ಮಾಮ ಎರಡು ದಿನ ಮೊಣಕಾಲೂರಿ, ಹಲಗೆ ಹಿಡಿದು, ಆ ಅರ್ಧ ಗ್ರೀನನ್ನು ಎತ್ತರಿಸಿದರು. ಪ್ರತಿ ಗೂಟದ ಬಳಿ ಯಂತ್ರದಲ್ಲಿ ನೋಡಿದೆ. ಕೂದಲೆಳೆಯಷ್ಟೂ ತಿದ್ದುವುದಿರಲಿಲ್ಲ.

ಮೊದಲ ದೊಡ್ಡ ಮಳೆಗೆ ಇಬ್ಬರೂ ಕೊಡೆ ಹಿಡಿದು ಅಂಚಿನಲ್ಲಿ ನಿಂತೆವು. ಎಳೆ ಗರಿಕೆಯ ಮೇಲೆ ಬಿದ್ದ ನೀರು ಒಂದು ಕ್ಷಣ ಮಿನುಗಿತು. ಆಮೇಲೆ ಯಾರೋ ಹಾಸಿಗೆಯ ಹೊದಿಕೆ ಎಳೆದಂತೆ ಇಡೀ ಅಂಗಳದ ನೀರು ಒಟ್ಟಿಗೇ ಮುಂದಕ್ಕೆ ಸರಿದು ಮೋರಿಗಿಳಿಯಿತು. ಮಾಮ “ಹಾಂ” ಎಂದರು, ಅಷ್ಟೇ.

ನಾನು ಅಲ್ಲಿ ನಾಲ್ಕು ವರ್ಷ ಇದ್ದೆ. ಬೇರೆ ಕಡೆ ಸೇರಿದ ಮೇಲೊಂದು ಬೇಸಿಗೆಯಲ್ಲಿ ನೋಡಲು ಹೋದಾಗ, ಅವರು ಆರನೆಯ ಗ್ರೀನಿನ ಹೊರಗೆ ಶೂಸು ಹಾಕಿಕೊಂಡು ನಿಂತಿದ್ದರು. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಹೋಗಿತ್ತು. ಡಾಕ್ಟರು ಬರಿಗಾಲು ಬೇಡವೆಂದಿದ್ದರು.

“ನನ್ನ ಕಾಲು ಈಗ ಸುಳ್ಳು ಹೇಳ್ತದೆ. ನೀನು ನಿಂತು ಹೇಳು. ನೆಲ ಎಲ್ಲಾದ್ರೂ ಕೂತಿದ್ಯಾ?”

ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಹತ್ತು ಎಣಿಸಿದೆ. “ಇಲ್ಲ ಮಾಮ. ಮುಂದಕ್ಕೇ ಉಂಟು. ಚೂರು ಎಡಕ್ಕೆ.”

ಅವರು ಜೇಬಿನಿಂದ ಚೆಂಡೊಂದನ್ನು ತೆಗೆದು ಕೊಟ್ಟರು. ಅವರ ಕೈಯಲ್ಲಿ ಚೆಂಡು ಕಂಡದ್ದು ಅದೊಂದೇ ಸಲ. ಕಾಲ ಬಳಿ ಇಟ್ಟು ಬೆರಳಿನಿಂದ ತಾಗಿಸಿದೆ. ಮುಂದಕ್ಕೆ ಹೋಯಿತು, ಚೂರು ಎಡಕ್ಕೆ.

“ಸಾಕು. ಚಪ್ಪಲಿ ಹಾಕು, ಕಾಲು ಸುಡ್ತದೆ” ಎಂದರು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಘಣಸೋಲಿಯ ಖೋಲಿಯಲ್ಲಿ ಕೊನೆಯ ನಮಸ್ಕಾರಕ್ಕೆ ಬಗ್ಗಿದಾಗ ಅವರ ಪಾದ ನೋಡಿದೆ. ಎಷ್ಟೋ ತಿಂಗಳು ಶೂಸಿನೊಳಗಿದ್ದ ಪಾದ. ಈಗ ಯಾರೋ ಚೆನ್ನಾಗಿ ತೊಳೆದಿದ್ದರು. ಹಿಮ್ಮಡಿಯ ಹಸಿರು ಹೋಗಿರಲಿಲ್ಲ.