ಏಳನೆಯ ಜಾಗ

ನನ್ನ ತಮ್ಮನನ್ನು ಆಫೀಸಿನಲ್ಲಿ ಎಲ್ಲರೂ ಪೋಸ್ಟ್‌ಮಾಸ್ಟರ್ ಎನ್ನುತ್ತಾರೆ. ಸ್ಟಾಂಪು, ಸೀಲು ಒಂದೂ ಇಲ್ಲದ ಪೋಸ್ಟ್‌ಮಾಸ್ಟರ್! ಜನರ ಇ-ಮೇಲ್ ಪೆಟ್ಟಿಗೆಗಳನ್ನು ನಿಭಾಯಿಸುವ ಪ್ರೋಗ್ರಾಂ ಬರೆಯುವುದು ಅವನ ಕಸುಬು. ಹೊಸದಾಗಿ ಸೇರಿದವರಿಗೆ ಅವನು ಹೇಳುವ ಮೊದಲ ಪಾಠ ನನಗೂ ಬಾಯಿಗೆ ಬರುತ್ತದೆ. "ಸಾಲಲ್ಲಿ ಎಷ್ಟನೇದು ಅಂತ ನೋಡಿ ಮೇಲ್ ಗುರುತು ಹಿಡೀಬೇಡಿ. ಮುಂದಿರೋನು ಎದ್ದು ಹೋದ್ರೆ ಹಿಂದಿನೋರೆಲ್ಲ ಒಂದೊಂದು ಜಾಗ ಮುಂದೆ ಬರ್ತಾರೆ. ಪ್ರತಿ ಮೇಲಿಗೂ ಒಂದು ಕಾಯಂ ನಂಬರ್ ಇರುತ್ತೆ, ಅದನ್ನ ಹಿಡ್ಕೊಳ್ಳಿ." ಊಟಕ್ಕೆ ಕೂತರೂ ಇದನ್ನೇ ಕೊರೆಯುತ್ತಿದ್ದ. "ನಿನ್ನ ನಂಬರಿಗಿಷ್ಟು ಬೆಂಕಿ ಹಾಕ, ಮೊದ್ಲು ಉಣ್ಣೋ" ಎಂದು ಗದರುತ್ತಿದ್ದೆ.

ಮನೆಯಲ್ಲಿರುವವರು ನಾವಿಬ್ಬರೇ. ಅವನ ಹೆಂಡತಿ ತೀರಿಕೊಂಡ ದಿನ, ಎರಡು ಬಸ್ಸು ಬದಲಿಸಿ ಓಡೋಡಿ ಬಂದ ಮಗಳಿಗೆ, ಬಾಗಿಲಲ್ಲೇ, ಹತ್ತು ಜನರ ಮುಂದೆ, "ಈಗ ಬಿಡುವಾಯ್ತಾ ನಿಂಗೆ?" ಎಂದುಬಿಟ್ಟ. ಮೂಗಿನ ತುದಿಯಲ್ಲೇ ಸಿಟ್ಟು ನಮ್ಮ ವಂಶಕ್ಕೆ. ಹುಡುಗಿ ಅಮ್ಮನ ಮುಖ ನೋಡಿಕೊಂಡು ಹೊರಟಳು. ಹೊರಟುಹೋದವಳು ಫೋನ್ ನಂಬರ್ ಬದಲಿಸಿದಳು, ಕೆಲಸ ಬಿಟ್ಟಳು, ಮನೆ ಖಾಲಿ ಮಾಡಿದಳು. ಹುಡುಕಿ ಹುಡುಕಿ ಸೋತೆವು. ಅಂದಿನಿಂದ ಅವನು ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದ.

ತನ್ನ ಪೆಟ್ಟಿಗೆಗೆ ಬೀಳುವ ಜಾಹೀರಾತಿನ ಕಸ ಗುಡಿಸಲು ಅವನು ಯಾವ ಕಾಲದಲ್ಲೋ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದ. ಅದು ಮೂಲೆಯ ಹಳೇ ಕಂಪ್ಯೂಟರಿನಲ್ಲಿ ತನ್ನ ಪಾಡಿಗೆ ಓಡುತ್ತಿತ್ತು. ಒಮ್ಮೆ ಹೋಗಿ ಸಾಲಿನಲ್ಲಿ ಎಷ್ಟನೆಯದು ಕಸ ಎಂದು ನೋಡಿಕೊಂಡು ಬರುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗಿ ಆ ಜಾಗದಲ್ಲಿದ್ದುದನ್ನು ಬುಡಸಮೇತ ಅಳಿಸುವುದು. ಕಾಯಂ ನಂಬರಿನ ಗೊಡವೆಯೇ ಇಲ್ಲ. "ಮನೆಗೆ ತಾನೇ, ನಡಿಯುತ್ತೆ" ಎಂದು ಬಿಟ್ಟಿದ್ದನಂತೆ. ಊರಿಗೆಲ್ಲ ಪಾಠ ಹೇಳುವ ಮಹಾರಾಯ!

ಆ ಭಾನುವಾರ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದೆ. "ಅಕ್ಕಾ! ಬಾರೇ ಬೇಗ!" ಎಂದು ಕೂಗಿದ. ಒದ್ದೆ ಕೈಯಲ್ಲೇ ಓಡಿದೆ. ಫೋನಿನ ಮೇಲೆ ಮಗಳ ಹೆಸರು, ಅದರ ಕೆಳಗೆ ಅವಳ ಇ-ಮೇಲ್‌ನ ಮೊದಲ ಸಾಲುಗಳು: "ಅಪ್ಪಾ, ನಿನ್ನನ್ನ ಒಂದು ಮಾತು ಕೇಳ್ಬೇಕು. ಬೇಡ ಅನ್ಸಿದ್ರೆ ಉತ್ತರ ಬರೀಬೇಡ, ನಾನೇ ಅರ್ಥ ಮಾಡ್ಕೋತೀನಿ..."

ನನಗೆ ಅಳುವೇ ಬಂತು. ಅವನು ಪೆಟ್ಟಿಗೆ ತೆರೆದರೆ ಅವಳ ಮೇಲಿಗೆ ಒತ್ತಿಕೊಂಡೇ ಚಪ್ಪಲಿ ಅಂಗಡಿಯ ಜಾಹೀರಾತು. "ಇದೊಂದು ದರಿದ್ರ" ಎಂದು ಬೆರಳಲ್ಲಿ ಅದನ್ನು ಅಳಿಸಿದ. "ತಡಿ, ಕನ್ನಡಕ ತರ್ತೀನಿ, ನೆಟ್ಟಗೆ ಕೂತು ಓದೋಣ" ಎಂದ. ಕನ್ನಡಕ ಹಾಕಿಕೊಂಡು ಬಂದು ನೋಡುತ್ತಾನೆ, ಮಗಳ ಮೇಲ್ ಇಲ್ಲ.

ಏನಾಯಿತೆಂದು ಅವನಿಗೆ ತಕ್ಷಣ ಹೊಳೆಯಿತು. ಮೂಲೆಯ ಕಂಪ್ಯೂಟರಿನ ಮುಂದೆ ಕುಸಿದು ಕೂತ.

"ಏಳನೇದು ಕಸ ಅಂತ ನೋಡ್ಕೊಂಡು ಹೋಗಿತ್ತು ಕಣೇ ಇದು. ಚಪ್ಪಲೀದು ಏಳನೇದು, ಅವಳ್ದು ಎಂಟನೇದು. ನಾನು ಚಪ್ಪಲೀದು ತೆಗೆದೆ, ಅವಳ್ದು ಏಳಕ್ಕೆ ಬಂತು. ಇದು ಬಂದು ಏಳನೇದನ್ನ ಅಳಿಸ್ತು."

"ವಾಪಸ್ ತರೋಕಾಗಲ್ವೇನೋ?"

"ವಾಪಸ್ ಬರದ ಹಾಗೆ ಬರೆದೋನೇ ನಾನು."

ಮೇಲ್ ಕಂಪನಿಗೆ ಫೋನ್ ಮಾಡಿದ. ಕೈಮುಗಿದ, ಕೂಗಾಡಿದ. ಆ ಕಡೆಯ ಹುಡುಗಿ "ನಿಮ್ಮ ಕಷ್ಟ ಅರ್ಥವಾಗುತ್ತೆ ಸರ್" ಎಂದಳೇ ಹೊರತು ಬೇರೇನೂ ಅವಳ ಕೈಯಲ್ಲಿರಲಿಲ್ಲ. ಮಗಳು ಯಾವ ವಿಳಾಸದಿಂದ ಬರೆದಳೆಂಬುದನ್ನು ಫೋನು ತೋರಿಸಿರಲಿಲ್ಲ. ಅವಳ ಹಳೇ ವಿಳಾಸಕ್ಕೆ ಬರೆದದ್ದು ಹೋದ ಹಾಗೇ ತಿರುಗಿ ಬಂತು.

"ಮನೆಗೆ ಬರ್ಲಾ ಅಂತ ಕೇಳಿರಬಹುದಾ?" ಎಂದ. "ಇಲ್ಲಾ, ಹುಷಾರಿಲ್ವೇನೋ?" ಬೈಯೋಣವೆಂದರೆ ಯಾರನ್ನು ಬೈಯಲಿ?

ವಾರ ಕಳೆಯಿತು. ಮತ್ತೊಂದು ಮೇಲ್ ಬರಲಿಲ್ಲ. ಉತ್ತರ ಬರದಿದ್ದರೆ ಬೇಡ ಅಂತಲೇ ಅರ್ಥ ಎಂದುಕೊಂಡವಳು ಮತ್ತೆ ಯಾಕೆ ಬರೆದಾಳು?

ನಿನ್ನೆ ಆಫೀಸಿಗೆ ಹೊರಟವನು ಬಾಗಿಲಲ್ಲೇ ನಿಂತುಬಿಟ್ಟ. ಅವಳಿಗೆ ಆ ಮಾತು ಅಂದ ಅದೇ ಬಾಗಿಲು. "ಬೇಡ ಅಂದಿಲ್ಲ ಕಣೇ ಅಕ್ಕಾ ನಾನು" ಎಂದು ನನ್ನ ತೋಳು ಹಿಡಿದು ಅತ್ತ.

ಅದು ನನಗೆ ಗೊತ್ತು. ನನಗೆ ಗೊತ್ತಿದ್ದು ಏನು ಬಂತು?